ಸ್ಯಾನ್ ಆಂಟೋನಿಯೊದಲ್ಲಿ ಮನೆ ಹುಡುಕುತ್ತಿದ್ದೇವೆ: ಶಾಲೆಯ ಅಂಕ 9 ಮತ್ತು 3ರ ನಡುವಿನ ಅಂತರ ನಿಜವಾಗಿ ಏನು?

ಮಲ್ಲಿಗೆಬಳ್ಳಿ

ಎಲ್ಲರಿಗೂ ನಮಸ್ಕಾರ. ಮನೆಯವರ ಕೆಲಸದ ಕಾರಣ ನಾವು ಮುಂದಿನ ಬೇಸಿಗೆಯಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊಗೆ ಹೋಗಲಿದ್ದೇವೆ. ಮಗಳು ಮೂರನೇ ತರಗತಿಗೆ ಸೇರಬೇಕು. ಮನೆ ಹುಡುಕುವ ಆ್ಯಪಿನಲ್ಲಿ ಪ್ರತಿ ಮನೆಯ ಕೆಳಗೂ ಆ ಬಡಾವಣೆಯ ಶಾಲೆಗೆ ಹತ್ತಕ್ಕೆ ಇಷ್ಟು ಎಂಬ ಅಂಕ ಕಾಣಿಸುತ್ತದೆ. ನಾವು ನೋಡಿದ ಎರಡು ಮನೆಗಳ ನಡುವೆ ಕಾರಿನಲ್ಲಿ ಕಾಲು ಗಂಟೆಯ ದಾರಿ. ಒಂದರ ಶಾಲೆಗೆ 9, ಇನ್ನೊಂದರದಕ್ಕೆ 3. ಬಾಡಿಗೆಯಲ್ಲಿ ತಿಂಗಳಿಗೆ ಸುಮಾರು ಸಾವಿರ ಡಾಲರ್ ವ್ಯತ್ಯಾಸವಿದೆ.

ಎರಡೂ ಸರ್ಕಾರಿ ಶಾಲೆಗಳೇ, ಎರಡೂ ಒಂದೇ ರಾಜ್ಯದ ನಿಯಮಕ್ಕೆ ಒಳಪಟ್ಟಿವೆ. ಶಿಕ್ಷಣದ ಅಸಮಾನತೆಯ ಬಗ್ಗೆ ಈ ದೇಶದಲ್ಲಿ ನಡೆದಷ್ಟು ಸಂಶೋಧನೆ ಬೇರೆಲ್ಲೂ ನಡೆದಿರಲಿಕ್ಕಿಲ್ಲ ಎಂದು ಕೇಳಿದ್ದೇನೆ. ಹಾಗಿದ್ದೂ ಈ ಅಂತರ ಉಳಿದಿರುವುದು ಏಕೆ? ಆ 3ನ್ನು ನೋಡಿ ನಾನು ಹೆದರಬೇಕೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ, ಓದುವ ತಾಳ್ಮೆ ನನಗಿದೆ.

ಟೆಕ್ಸಾಸ್_ಕನ್ನಡತಿ

ಮಲ್ಲಿಗೆಬಳ್ಳಿಯವರೇ, ನೀವು ಹೋಗುತ್ತಿರುವ ಊರಿನಿಂದಲೇ ಈ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು.

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಘಟಕ. ನಮ್ಮ ಕಡೆಯ ಜಿಲ್ಲೆಗೂ ಇದಕ್ಕೂ ಸಂಬಂಧವಿಲ್ಲ. ಒಂದೇ ನಗರದ ಸುತ್ತಮುತ್ತ ಹತ್ತಾರು ಡಿಸ್ಟ್ರಿಕ್ಟ್‌ಗಳು ಇರಬಹುದು, ಪ್ರತಿಯೊಂದಕ್ಕೂ ತನ್ನದೇ ಗಡಿ, ತನ್ನದೇ ಚುನಾಯಿತ ಮಂಡಳಿ, ತನ್ನದೇ ಆಸ್ತಿ ತೆರಿಗೆ ಇರುತ್ತದೆ. 1960ರ ದಶಕದಲ್ಲಿ ಸ್ಯಾನ್ ಆಂಟೋನಿಯೊದ ಪಶ್ಚಿಮ ಭಾಗದ ಎಡ್ಜ್‌ವುಡ್ ಡಿಸ್ಟ್ರಿಕ್ಟಿನಲ್ಲಿ ಇದ್ದವರು ಹೆಚ್ಚಾಗಿ ಮೆಕ್ಸಿಕನ್ ಮೂಲದ ದುಡಿಯುವ ಕುಟುಂಬಗಳು. ಅದೇ ನಗರದ ಮಗ್ಗುಲಲ್ಲಿರುವ ಅಲಾಮೊ ಹೈಟ್ಸ್‌ನಲ್ಲಿ ಇದ್ದವರು ಹೆಚ್ಚಾಗಿ ಅನುಕೂಲಸ್ಥ ಬಿಳಿಯರು.

1967-68ರ ಲೆಕ್ಕವನ್ನು ನೋಡಿ. ಎಡ್ಜ್‌ವುಡ್ ಪ್ರತಿ 100 ಡಾಲರ್ ಆಸ್ತಿ ಮೌಲ್ಯಕ್ಕೆ 1.05 ಡಾಲರ್ ತೆರಿಗೆ ಹಾಕಿಕೊಂಡಿತ್ತು, ಆ ನಗರ ವಲಯದಲ್ಲಿ ಅದಕ್ಕಿಂತ ಹೆಚ್ಚಿನ ದರ ಇರಲಿಲ್ಲ. ಆದರೂ ಸ್ಥಳೀಯ ತೆರಿಗೆಯಿಂದ ಪ್ರತಿ ವಿದ್ಯಾರ್ಥಿಗೆ ದಕ್ಕಿದ್ದು 26 ಡಾಲರ್. ಅಲಾಮೊ ಹೈಟ್ಸ್ 85 ಸೆಂಟ್ ದರದಲ್ಲೇ ಪ್ರತಿ ವಿದ್ಯಾರ್ಥಿಗೆ 333 ಡಾಲರ್ ಎತ್ತಿತು. ರಾಜ್ಯದ ಮತ್ತು ಫೆಡರಲ್ (ಕೇಂದ್ರ) ಸರ್ಕಾರದ ಹಣವನ್ನು ಕೂಡಿಸಿದ ಮೇಲೂ ಎಡ್ಜ್‌ವುಡ್‌ನಲ್ಲಿ 356 ಡಾಲರ್, ಅಲಾಮೊ ಹೈಟ್ಸ್‌ನಲ್ಲಿ 594 ಡಾಲರ್.

1968ರ ಮೇ ತಿಂಗಳಲ್ಲಿ ಎಡ್ಜ್‌ವುಡ್ ಹೈಸ್ಕೂಲಿನ ಸುಮಾರು 400 ಮಕ್ಕಳು ತರಗತಿ ಬಿಟ್ಟು ಹೊರನಡೆದರು. ಡಿಮಿಟ್ರಿಯೊ ರೊಡ್ರಿಗೆಸ್ ಎಂಬ ತಂದೆ, ವಾಯುನೆಲೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದವರು, ಇತರ ಪೋಷಕರೊಂದಿಗೆ ಸೇರಿ ಮೊಕದ್ದಮೆ ಹೂಡಿದರು. 1973ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅವರ ವಿರುದ್ಧ ತೀರ್ಪು ನೀಡಿತು. ಶಿಕ್ಷಣವು ಅಮೆರಿಕದ ಸಂವಿಧಾನ ನೀಡುವ ಮೂಲಭೂತ ಹಕ್ಕಲ್ಲ ಎಂಬುದು ಆ ತೀರ್ಪಿನ ತಿರುಳು. ಅಂದಿನಿಂದ ಈ ಹೋರಾಟ ಫೆಡರಲ್ ನ್ಯಾಯಾಲಯಗಳಿಂದ ರಾಜ್ಯಗಳ ನ್ಯಾಯಾಲಯಗಳಿಗೆ ವರ್ಗವಾಯಿತು. ಟೆಕ್ಸಾಸಿನಲ್ಲಿಯೇ 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಎಡ್ಜ್‌ವುಡ್ ಪರವಾಗಿ ಒಮ್ಮತದ ತೀರ್ಪು ಕೊಟ್ಟಿತು. 1993ರ ಕಾನೂನಿನ ಪ್ರಕಾರ ಶ್ರೀಮಂತ ಡಿಸ್ಟ್ರಿಕ್ಟ್‌ಗಳ ತೆರಿಗೆಯ ಒಂದು ಪಾಲು ಬೇರೆ ಡಿಸ್ಟ್ರಿಕ್ಟ್‌ಗಳಿಗೆ ಹಂಚಿಕೆಯಾಗುತ್ತದೆ. ಇದನ್ನು ಇಲ್ಲಿಯ ಜನ ರಾಬಿನ್ ಹುಡ್ ಕಾನೂನು ಎನ್ನುತ್ತಾರೆ.

ಬಯಲುಸೀಮೆ

ಹೆಚ್ಚು ದರದ ತೆರಿಗೆ ಕಟ್ಟಿದವರಿಗೇ ಕಡಿಮೆ ಹಣ ಸಿಕ್ಕಿತು ಎಂಬುದನ್ನು ಎರಡು ಸಲ ಓದಬೇಕಾಯಿತು. ಇಷ್ಟು ವರ್ಷ ಈ ದೇಶದಲ್ಲಿದ್ದೂ ನನಗೆ ಈ ಮೊಕದ್ದಮೆಯ ಹೆಸರು ಗೊತ್ತಿರಲಿಲ್ಲ.

ಅಂಕಿಅಂಶ

ನಾನು ಶಿಕ್ಷಣ ನೀತಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಆದ್ದರಿಂದ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಇಂಥ ಅಂಕಗಳಲ್ಲಿ ದೊಡ್ಡ ಪಾಲು ಮಕ್ಕಳ ಸರಾಸರಿ ಪರೀಕ್ಷಾ ಫಲಿತಾಂಶದ್ದು. ಸರಾಸರಿ ಫಲಿತಾಂಶವು ಶಾಲೆಯ ಬಾಗಿಲೊಳಗೆ ಕಾಲಿಡುವ ಮೊದಲು ಆ ಮಕ್ಕಳಿಗೆ ಏನು ದಕ್ಕಿತ್ತು ಎಂಬುದನ್ನು ಬಹುಮಟ್ಟಿಗೆ ಹೇಳುತ್ತದೆ. ಶಾಲೆ ಏನು ಕಲಿಸಿತು ಎಂದು ತಿಳಿಯಬೇಕಾದರೆ ಅವೇ ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋದರು ಎಂಬುದನ್ನು ನೋಡಬೇಕು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಷಾನ್ ರಿಯರ್ಡನ್ ಅವರು ದೇಶದ ಬಹುತೇಕ ಎಲ್ಲ ಡಿಸ್ಟ್ರಿಕ್ಟ್‌ಗಳ ಪರೀಕ್ಷಾ ಫಲಿತಾಂಶಗಳನ್ನು ಒಂದೇ ಅಳತೆಗೆ ತಂದು ಹೋಲಿಸಿದ್ದಾರೆ. ಸರಾಸರಿ ಅಂಕಕ್ಕೂ ಪ್ರಗತಿಯ ವೇಗಕ್ಕೂ ಇರುವ ನಂಟು ಬಹಳ ಸಡಿಲ ಎಂಬುದು ಅಲ್ಲಿ ಕಂಡುಬಂತು. ಷಿಕಾಗೊವನ್ನೇ ತೆಗೆದುಕೊಳ್ಳಿ. ಅಲ್ಲಿಯ ಸರ್ಕಾರಿ ಶಾಲೆಗಳ ಮಕ್ಕಳು ಮೂರನೆಯ ತರಗತಿಯಲ್ಲಿ ದೇಶದ ಸರಾಸರಿಗಿಂತ ಬಹಳ ಹಿಂದೆ ಇದ್ದರು, ಆದರೆ ಎಂಟನೆಯ ತರಗತಿ ತಲುಪುವ ಐದು ವರ್ಷಗಳಲ್ಲಿ ಸರಿಸುಮಾರು ಆರು ವರ್ಷಗಳ ಪಾಠವನ್ನು ಕಲಿತಿದ್ದರು. ಆ ಶಾಲೆಗಳಿಗೆ ಸರಾಸರಿಯ ಆಧಾರದಲ್ಲಿ ಅಂಕ ಕೊಟ್ಟರೆ 3 ಬರುತ್ತಿತ್ತೇನೋ.

ಆದ್ದರಿಂದ ಆ 3 ಸುಳ್ಳಲ್ಲ, ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರವಲ್ಲ. ಟೆಕ್ಸಾಸ್ ರಾಜ್ಯವೇ ಪ್ರಕಟಿಸುವ ವರದಿಗಳಲ್ಲಿ ಮಕ್ಕಳ ಪ್ರಗತಿಯ ಅಳತೆ ಪ್ರತ್ಯೇಕವಾಗಿ ಇರುತ್ತದೆ, ಅದನ್ನು ನೋಡಿರಿ.

ಬೆಳಗಾವಿಯವ

ನಾನು ಒಪ್ಪುವುದಿಲ್ಲ. ಹಣ, ಹಣ ಎಂದು ಎಷ್ಟು ದಿನ ಹೇಳುವುದು? 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆದೇಶದಂತೆ ಜೇಮ್ಸ್ ಕೋಲ್ಮನ್ ಅವರು ಸುಮಾರು 4,000 ಶಾಲೆಗಳ 6 ಲಕ್ಷಕ್ಕೂ ಹೆಚ್ಚು ಮಕ್ಕಳ ಸಮೀಕ್ಷೆ ನಡೆಸಿ 1966ರಲ್ಲಿ ವರದಿ ಕೊಟ್ಟರು. ಮಕ್ಕಳ ಕಲಿಕೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಪುಸ್ತಕ, ಖರ್ಚುಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚಿನ ಕಾರಣ ಎಂದು ಆ ವರದಿಯೇ ಹೇಳಿದೆ.

ನಮ್ಮವರನ್ನೇ ನೋಡಿ. ನಾನು ಬಂದ ಹೊಸತರಲ್ಲಿ ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಹಿಡಿದ ಮನೆಯ ಪಕ್ಕದ ಶಾಲೆ ಯಾವ ಪಟ್ಟಿಯಲ್ಲೂ ಮೇಲಿರಲಿಲ್ಲ. ರಾತ್ರಿ ಊಟವಾದ ಮೇಲೆ ಮಗನನ್ನು ಕೂರಿಸಿಕೊಂಡು ಗಣಿತ ಮಾಡಿಸುತ್ತಿದ್ದೆ. ಈಗ ಅವನು ಎಂಜಿನಿಯರ್. ಮನೆಯಲ್ಲಿ ಶ್ರದ್ಧೆ ಇದ್ದರೆ ಶಾಲೆ ಯಾವುದಾದರೇನು?

ಹೊಂಗೆಮರ

ಬೆಳಗಾವಿಯವರೇ, ಮಗ ಓದಿ ಮುಂದೆ ಬಂದದ್ದು ನಿಜಕ್ಕೂ ಸಂತೋಷದ ವಿಷಯ, ಅದರ ಹಿಂದಿನ ನಿಮ್ಮ ಶ್ರಮವೂ ನಿಜ. ಆದರೆ ಒಂದು ಮಾತು ಕೇಳಿ. ಊಟವಾದ ಮೇಲೆ ನೀವು ಮಗನಿಗೆ ಗಣಿತ ಹೇಳಿಕೊಡಲು ಸಾಧ್ಯವಾದದ್ದು ನಿಮಗೆ ಗಣಿತ ಬರುತ್ತಿತ್ತು ಎಂಬ ಕಾರಣಕ್ಕೆ, ಮತ್ತು ಆ ಹೊತ್ತಿಗೆ ನೀವು ಮನೆಯಲ್ಲಿದ್ದಿರಿ ಎಂಬ ಕಾರಣಕ್ಕೆ. ನಮ್ಮಲ್ಲಿ ಹೆಚ್ಚಿನವರು ಎಚ್-1ಬಿ ವೀಸಾದಲ್ಲಿ ಬಂದವರು, ಪದವಿ ಇಲ್ಲದವರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ. ಅಂದರೆ ನಾವು ಜರಡಿ ಹಿಡಿದ ಮೇಲೆ ಉಳಿದ ಕಾಳುಗಳು. ಇಡೀ ರಾಶಿಯ ಬಗ್ಗೆ ನಮ್ಮನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ಅಂಕಿಅಂಶ

ಕೋಲ್ಮನ್ ವರದಿಯ ಬಗ್ಗೆ ಬೆಳಗಾವಿಯವರು ಹೇಳಿದ್ದು ಸರಿ, ಆದರೆ ಅದು ಅರ್ಧ. ಸಹಪಾಠಿಗಳ ಹಿನ್ನೆಲೆ ಕಲಿಕೆಯ ಮೇಲೆ ಪರಿಣಾಮ ಬೀರುತ್ತದೆ ಎಂದೂ, ಒಳ್ಳೆಯ ಶಿಕ್ಷಕರ ಪ್ರಭಾವ ಅನುಕೂಲವಿಲ್ಲದ ಮಕ್ಕಳ ಮೇಲೆಯೇ ಹೆಚ್ಚು ಎಂದೂ ಅದೇ ವರದಿ ಹೇಳಿದೆ. ಅಲ್ಲದೆ ಅದು ಒಂದೇ ಕಾಲಘಟ್ಟದಲ್ಲಿ ತೆಗೆದ ಚಿತ್ರ. ಬಡ ಮಕ್ಕಳಿರುವ ಶಾಲೆಗೆ ಸರ್ಕಾರ ಹೆಚ್ಚುವರಿ ಹಣ ಕೊಟ್ಟಾಗ, ಹೆಚ್ಚು ಹಣ ಮತ್ತು ಕಡಿಮೆ ಅಂಕ ಒಂದೇ ಕಡೆ ಕಾಣಿಸುತ್ತವೆ. ಹಾಗೆಂದು ಹಣದಿಂದ ಅಂಕ ಕಡಿಮೆಯಾಯಿತು ಎನ್ನಲಾಗದು.

ಈ ಗೊಂದಲವನ್ನು ದಾಟಲು ಕಿರಾಬೊ ಜಾಕ್ಸನ್, ರಕರ್ ಜಾನ್ಸನ್ ಮತ್ತು ಕ್ಲಾಡಿಯಾ ಪೆರ್ಸಿಕೊ ಅವರು ಒಂದು ಉಪಾಯ ಹುಡುಕಿದರು. ಮೇಲೆ ಟೆಕ್ಸಾಸ್_ಕನ್ನಡತಿಯವರು ಹೇಳಿದಂಥ ಮೊಕದ್ದಮೆಗಳು ಒಂದೊಂದು ರಾಜ್ಯದಲ್ಲಿ ಒಂದೊಂದು ವರ್ಷ ಗೆದ್ದವು. ತೀರ್ಪಿಗೆ ಸ್ವಲ್ಪ ಮೊದಲು ಶಾಲೆ ಮುಗಿಸಿದ ಮಗುವಿಗೆ ಆ ಹಣ ಸಿಗಲಿಲ್ಲ, ಅದೇ ಬೀದಿಯಲ್ಲಿ ಕೆಲವು ವರ್ಷ ತಡವಾಗಿ ಹುಟ್ಟಿದ ಮಗುವಿಗೆ ಸಿಕ್ಕಿತು. ಆ ಇಬ್ಬರೂ ದೊಡ್ಡವರಾದ ಮೇಲೆ ಹೇಗಿದ್ದಾರೆ ಎಂದು ಹೋಲಿಸಿ ನೋಡಿದರು. ಶಾಲೆಯ ಹನ್ನೆರಡೂ ವರ್ಷ ಪ್ರತಿ ವಿದ್ಯಾರ್ಥಿಯ ಮೇಲಿನ ಖರ್ಚು ಶೇ. 10ರಷ್ಟು ಹೆಚ್ಚಿದ್ದರೆ ಅವರ ವಯಸ್ಕ ಜೀವನದ ಸಂಬಳ ಸುಮಾರು ಶೇ. 7ರಷ್ಟು ಹೆಚ್ಚಿತ್ತು. ಬಡ ಕುಟುಂಬದ ಮಕ್ಕಳಲ್ಲಿ ಪರಿಣಾಮ ಇನ್ನೂ ಹೆಚ್ಚು. 2016ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ ಹಣಕ್ಕೆ ಬೆಲೆಯೇ ಇಲ್ಲ ಎಂದು ವಾದಿಸುವುದು ಕಷ್ಟವಾಗಿದೆ.

ನಿವೃತ್ತ_ಮೇಷ್ಟ್ರು

ಹಣಕ್ಕೆ ಬೆಲೆ ಇದೆ, ಆದರೆ ಅದನ್ನು ಹೇಗೆ ಬಳಸಿದರು ಎಂಬುದಕ್ಕೂ ಅಷ್ಟೇ ಬೆಲೆ ಇದೆ. 1985ರಲ್ಲಿ ಟೆನೆಸಿ ರಾಜ್ಯದಲ್ಲಿ ಒಂದು ಪ್ರಯೋಗ ಆರಂಭವಾಯಿತು. 79 ಶಾಲೆಗಳ 11,000ಕ್ಕೂ ಹೆಚ್ಚು ಪುಟ್ಟ ಮಕ್ಕಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರನ್ನು 13ರಿಂದ 17 ಮಕ್ಕಳ ತರಗತಿಯಲ್ಲಿ, ಉಳಿದವರನ್ನು 22ರಿಂದ 25 ಮಕ್ಕಳ ತರಗತಿಯಲ್ಲಿ ಕೂರಿಸಿದರು. ಚಿಕ್ಕ ತರಗತಿಯ ಮಕ್ಕಳು ಮುಂದೆ ಹೋದರು, ಅದರಲ್ಲೂ ಕಪ್ಪು ಮಕ್ಕಳು ಮತ್ತು ಬಡ ಮಕ್ಕಳು ಹೆಚ್ಚು ಮುಂದೆ ಹೋದರು.

ಇದನ್ನು ನೋಡಿ ಕ್ಯಾಲಿಫೋರ್ನಿಯಾ 1996ರಲ್ಲಿ ಇಡೀ ರಾಜ್ಯದ ಕೆಳಗಿನ ತರಗತಿಗಳನ್ನು 20 ಮಕ್ಕಳಿಗೆ ಇಳಿಸಲು ಹೊರಟಿತು. ಒಮ್ಮೆಲೇ ಸಾವಿರಾರು ಹೊಸ ಶಿಕ್ಷಕರು ಬೇಕಾದರು. ಅನುಕೂಲಸ್ಥ ಬಡಾವಣೆಗಳಲ್ಲಿ ಹುದ್ದೆ ಖಾಲಿಯಾದಾಗ ಬಡ ಶಾಲೆಗಳ ಅನುಭವಿ ಶಿಕ್ಷಕರು ಅಲ್ಲಿಗೆ ಹೋದರು, ಅವರ ಜಾಗಕ್ಕೆ ಪೂರ್ಣ ತರಬೇತಿ ಇಲ್ಲದವರು ಬಂದರು. ಸಮಾನತೆಗಾಗಿ ತೆಗೆದ ಹಣ ಸ್ವಲ್ಪ ಕಾಲವಾದರೂ ಅಸಮಾನತೆಯನ್ನೇ ಬೆಳೆಸಿತು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಉದಾಹರಣೆ ನೆನಪಾದಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಮೂಲದ ಸಂಶೋಧನೆಯಲ್ಲಿ ಯಾವ ತಪ್ಪೂ ಇರಲಿಲ್ಲ.

ಬೆಳಗಾವಿಯವ

ಹೊಂಗೆಮರದವರ ಜರಡಿಯ ಮಾತನ್ನು ಒಪ್ಪಿಕೊಳ್ಳುತ್ತೇನೆ, ನಾನು ಆ ದಿಕ್ಕಿನಿಂದ ಯೋಚಿಸಿರಲಿಲ್ಲ. ಆದರೆ ಸಂಶೋಧಕರು ತಾವೇ ಒಮ್ಮತಕ್ಕೆ ಬಂದಿಲ್ಲವಲ್ಲ? ಬಡವರ ಮತ್ತು ಶ್ರೀಮಂತರ ಮಕ್ಕಳ ಕಲಿಕೆಯ ಅಂತರ ಒಂದು ತಲೆಮಾರಿನಲ್ಲಿ ಶೇ. 30ರಿಂದ 40ರಷ್ಟು ಹಿಗ್ಗಿತು ಎಂದು ರಿಯರ್ಡನ್ 2011ರಲ್ಲಿ ಬರೆದರು. 2019ರಲ್ಲಿ ಎರಿಕ್ ಹನುಷೆಕ್ ಮತ್ತು ಸಂಗಡಿಗರು ಬೇರೆ ಪರೀಕ್ಷೆಗಳ ದತ್ತಾಂಶ ತೆಗೆದುಕೊಂಡು, ಅರ್ಧ ಶತಮಾನದಿಂದ ಅಂತರ ಹೆಚ್ಚೂಕಡಿಮೆ ಇದ್ದಲ್ಲೇ ಇದೆ ಎಂದರು. ಸಾಮಾನ್ಯ ಪೋಷಕರು ಯಾರನ್ನು ನಂಬಬೇಕು?

ಅಂಕಿಅಂಶ

ಅದು ನಿಜವಾದ ಭಿನ್ನಾಭಿಪ್ರಾಯ, ಮುಚ್ಚಿಡುವ ಅಗತ್ಯವಿಲ್ಲ. ಇಬ್ಬರೂ ಬಳಸಿದ ಸಮೀಕ್ಷೆಗಳು ಬೇರೆ. ಆದರೆ ಗಮನಿಸಿ, ಅಂತರ ಕಿರಿದಾಯಿತು ಎಂದು ಆ ಇಬ್ಬರಲ್ಲಿ ಒಬ್ಬರೂ ಹೇಳಲಿಲ್ಲ.

ತುಂಗಾತೀರ

1954ರ ಬ್ರೌನ್ ತೀರ್ಪು ಬಂದ ಮೇಲೆ ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಹೋಗುವಂತಾಯಿತು, ಫೆಡರಲ್ ಸರ್ಕಾರವೇ ಶಾಲೆಗಳ ಹೆಚ್ಚಿನ ಖರ್ಚು ಕೊಡುತ್ತದೆ ಎಂದು ನಾನು ತಿಳಿದಿದ್ದೆ. ಹಾಗಾದರೆ ಈ ಡಿಸ್ಟ್ರಿಕ್ಟ್ ಗಡಿಗಳು ಹೇಗೆ ಉಳಿದುಕೊಂಡವು?

ಟೆಕ್ಸಾಸ್_ಕನ್ನಡತಿ

ಎರಡು ತಿದ್ದುಪಡಿಗಳು ಬೇಕು. ಶಾಲಾ ಶಿಕ್ಷಣದ ಖರ್ಚಿನಲ್ಲಿ ಫೆಡರಲ್ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಭಾಗದ ಆಸುಪಾಸು, ಉಳಿದದ್ದೆಲ್ಲ ರಾಜ್ಯ ಮತ್ತು ಸ್ಥಳೀಯ ತೆರಿಗೆಯದು. ಇನ್ನು ಗಡಿಯ ವಿಷಯಕ್ಕೆ ಬಂದರೆ 1974ರ ಡೆಟ್ರಾಯಿಟ್ ಮೊಕದ್ದಮೆ ಮುಖ್ಯವಾದದ್ದು. ನಗರದ ಶಾಲೆಗಳಲ್ಲಿ ಕಪ್ಪು ಮಕ್ಕಳು, ಸುತ್ತಲಿನ ಉಪನಗರಗಳ ಶಾಲೆಗಳಲ್ಲಿ ಬಿಳಿಯ ಮಕ್ಕಳು ತುಂಬಿದ್ದರು. ಎರಡನ್ನೂ ಸೇರಿಸಿ ಮಕ್ಕಳನ್ನು ಬೆರೆಸಬೇಕೆಂದು ಕೆಳ ನ್ಯಾಯಾಲಯ ಹೇಳಿದಾಗ, ಉಪನಗರಗಳು ತಪ್ಪು ಮಾಡಿದ್ದು ಸಾಬೀತಾಗದೆ ಅವುಗಳ ಗಡಿ ದಾಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 5-4ರಿಂದ ತಡೆಯಿತು. 1973ರ ತೀರ್ಪಿನ ನಂತರ ಹಣ ಗಡಿ ದಾಟಬೇಕಾಗಿರಲಿಲ್ಲ, 1974ರ ತೀರ್ಪಿನ ನಂತರ ಮಕ್ಕಳೂ ದಾಟಬೇಕಾಗಿರಲಿಲ್ಲ. ನೀವು ಆ್ಯಪಿನಲ್ಲಿ ನೋಡುತ್ತಿರುವ ಗೆರೆಗೆ ಇಷ್ಟು ಬಲ ಬಂದದ್ದು ಹೀಗೆ.

ಕಡಲತಡಿ

ಚರ್ಚೆ ಶಾಲೆಯಲ್ಲೇ ನಿಂತಿದೆ, ಕಾಲೇಜಿನ ಬಾಗಿಲಲ್ಲಿ ನಡೆಯುವುದನ್ನೂ ಹೇಳಬೇಕು. ನಾನು ಒಂದು ಕಮ್ಯೂನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಪದವಿ ಕೊಡುವ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ, ವಿದ್ಯಾರ್ಥಿ ಸಲಹೆಗಾರ್ತಿ.

ಎರಡು ವರ್ಷಗಳ ಹಿಂದೆ ಒಬ್ಬ ಹುಡುಗ ನನ್ನ ಮೇಜಿನ ಮುಂದೆ ಬಂದು ಕುಳಿತ. ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ, ಎರಡು ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ. ಜೇಬಿನಿಂದ ನಾಲ್ಕು ಮಡಿಕೆಯ ಪತ್ರ ತೆಗೆದು ಬಿಡಿಸಿ ಇಟ್ಟ, ಮಡಿಕೆಯ ಗೆರೆಯ ಮೇಲೆ ಅಕ್ಷರಗಳು ಅಳಿಸಿಹೋಗಿದ್ದವು. ಫೆಡರಲ್ ನೆರವಿಗೆ ಹಾಕಿದ ಅರ್ಜಿಯಲ್ಲಿ ತಂದೆ ಅಥವಾ ತಾಯಿಯ ಆದಾಯದ ವಿವರವಿಲ್ಲ, ಒದಗಿಸಿ ಎಂದು ಅದರಲ್ಲಿತ್ತು. ಅವನನ್ನು ಸಾಕಿದ್ದು ಅಜ್ಜಿ. "ಅಜ್ಜಿಯ ಸಹಿ ನಡೆಯುತ್ತದೆಯೇ ಮೇಡಂ?" ಎಂದು ಕೇಳಿದ. ಆಕೆ ಅವನನ್ನು ಕಾನೂನಿನ ಪ್ರಕಾರ ದತ್ತು ತೆಗೆದುಕೊಂಡಿರದಿದ್ದರೆ ನಡೆಯುವುದಿಲ್ಲ. ವಿನಾಯಿತಿ ಪಡೆಯಲು ಅವನ ಪರಿಸ್ಥಿತಿ ಬಲ್ಲ ಹೊರಗಿನವರ ಪತ್ರಗಳು ಬೇಕಾದವು. ಹಳೆಯ ಶಾಲೆಯ ಸಲಹೆಗಾರರನ್ನೂ ಅವರ ಚರ್ಚಿನ ಪಾದ್ರಿಯನ್ನೂ ಹುಡುಕಿ ಪತ್ರ ತರಿಸುವಷ್ಟರಲ್ಲಿ ಏಳು ವಾರ ಕಳೆಯಿತು. ಅಷ್ಟರಲ್ಲಿ ಅವನು ಎರಡು ವಿಷಯಗಳನ್ನು ಬಿಟ್ಟಿದ್ದ. ಅವನಿಗೆ ಬುದ್ಧಿಯೂ ಇತ್ತು, ಶ್ರದ್ಧೆಯೂ ಇತ್ತು.

ಇದಕ್ಕೂ ಸಂಶೋಧನೆಗೂ ನೇರ ಸಂಬಂಧವಿದೆ. 2008ರಲ್ಲಿ ಒಂದು ಪ್ರಯೋಗ ನಡೆಯಿತು. ತೆರಿಗೆ ವಿವರ ಸಲ್ಲಿಸಲು ಬಂದ ಬಡ ಕುಟುಂಬಗಳಿಗೆ, ಅದೇ ಮೇಜಿನಲ್ಲಿ, ಅದೇ ಕಾಗದಗಳನ್ನು ಬಳಸಿ ಕಾಲೇಜು ನೆರವಿನ ಅರ್ಜಿಯನ್ನೂ ತುಂಬಿಕೊಟ್ಟರು. ಹೆಚ್ಚಿಗೆ ಹಿಡಿದದ್ದು ಹತ್ತು ನಿಮಿಷದ ಆಸುಪಾಸು. ಆ ಕುಟುಂಬಗಳ ಮಕ್ಕಳಲ್ಲಿ ಕಾಲೇಜಿನಲ್ಲಿ ಎರಡು ವರ್ಷ ಪೂರೈಸಿದವರ ಪ್ರಮಾಣ ಶೇ. 28ರಿಂದ ಶೇ. 36ಕ್ಕೆ ಏರಿತು. ಅರ್ಜಿ ತುಂಬಿಕೊಡದೆ ಬರಿಯ ಮಾಹಿತಿ ಮಾತ್ರ ಕೊಟ್ಟ ಗುಂಪಿನಲ್ಲಿ ಏನೂ ಬದಲಾಗಲಿಲ್ಲ.

ಇನ್ನೊಂದು ಮಿಷಿಗನ್ ವಿಶ್ವವಿದ್ಯಾಲಯದ್ದು. ಬಡ ಕುಟುಂಬಗಳ ಪ್ರತಿಭಾವಂತರು ಅಲ್ಲಿಗೆ ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಆರಿಸಿದ ಶಾಲೆಗಳ ಅಂಥ ಮಕ್ಕಳ ಮನೆಗೆ 2015ರಿಂದ ವಿಶ್ವವಿದ್ಯಾಲಯದ ಹಳದಿ-ನೀಲಿ ಬಣ್ಣದ ದೊಡ್ಡ ಲಕೋಟೆಯೊಂದು ಬರತೊಡಗಿತು. ನಿಮಗೆ ಸೀಟು ಸಿಕ್ಕರೆ ನಾಲ್ಕು ವರ್ಷ ಶುಲ್ಕವಿಲ್ಲ, ನೆರವಿನ ಅರ್ಜಿ ತುಂಬುವುದೂ ಬೇಡ ಎಂಬ ಭರವಸೆ ಅದರೊಳಗೆ ಇತ್ತು. ಹೆಚ್ಚಿನವರಿಗೆ ಅಷ್ಟು ನೆರವು ಮೊದಲೂ ಸಿಗುತ್ತಿತ್ತು, ಆದರೆ ಮುಂಚಿತವಾಗಿ ಯಾರೂ ಹೇಳುತ್ತಿರಲಿಲ್ಲ. ಲಕೋಟೆ ಬಂದವರಲ್ಲಿ ಶೇ. 68 ಮಂದಿ ಅರ್ಜಿ ಹಾಕಿದರು, ಬಾರದವರಲ್ಲಿ ಶೇ. 26. ಸೇರಿದವರು ಶೇ. 12ರಿಂದ 27ಕ್ಕೆ ಏರಿದರು. ಸೂಸನ್ ಡೈನಾರ್ಸ್ಕಿ ಮತ್ತು ಸಂಗಡಿಗರ ಅಧ್ಯಯನ ಇದು. ಬೇರೊಂದು ಕಡೆ ಲಕ್ಷಗಟ್ಟಲೆ ಮಕ್ಕಳಿಗೆ ಭರವಸೆಯಿಲ್ಲದ ಮಾಹಿತಿ ಪತ್ರಗಳನ್ನು ಕಳಿಸಿ ನೋಡಿದಾಗ ಪರಿಣಾಮ ಕಾಣಲಿಲ್ಲ.

ಬಡವರಿಗೆ ತಿಳಿವಳಿಕೆ ಸಾಲದು ಎಂದು ಹೇಳುವವರಿಗೆ ನಾನು ಈ ಎರಡು ಪ್ರಯೋಗಗಳನ್ನು ತೋರಿಸುತ್ತೇನೆ. ಅವರಿಗೆ ಸಾಲದಿರುವುದು ಖಾತರಿ.

ಹೊಂಗೆಮರ

ಕಡಲತಡಿ ಅಕ್ಕ, ಆ ಹುಡುಗ ಮುಂದೆ ಏನಾದ?

ಕಡಲತಡಿ

ಉಳಿದ ವಿಷಯಗಳಲ್ಲಿ ಪಾಸಾದ. ನಂತರದ ಸೆಮಿಸ್ಟರಿಗೆ ಹೆಸರು ನೋಂದಾಯಿಸಲಿಲ್ಲ. ಫೋನ್ ಮಾಡಿದಾಗ ಬಸ್ಸಿನ ವೇಳೆ ಬದಲಾಗಿದೆ, ಪಾಳಿ ಮುಗಿಸಿ ತರಗತಿಗೆ ತಲುಪಲಾಗುತ್ತಿಲ್ಲ ಎಂದ.

ನ್ಯೂಯಾರ್ಕಿನ ನಗರ ವಿಶ್ವವಿದ್ಯಾಲಯ 2007ರಲ್ಲಿ ಆರಂಭಿಸಿದ ಎಎಸ್‌ಎಪಿ ಕಾರ್ಯಕ್ರಮ ನನಗೆ ಅದಕ್ಕಾಗಿಯೇ ನೆನಪಾಗುತ್ತದೆ. ಅಲ್ಲಿ ಪೂರ್ಣಾವಧಿ ಓದುವ ವಿದ್ಯಾರ್ಥಿಗೆ ಶುಲ್ಕದಲ್ಲಿ ಉಳಿದ ಬಾಕಿ, ಪುಸ್ತಕದ ಹಣ, ಮೆಟ್ರೊ ಕಾರ್ಡ್, ಆಗಾಗ ಭೇಟಿಯಾಗಲೇಬೇಕಾದ ಒಬ್ಬ ಸಲಹೆಗಾರ, ಇವಿಷ್ಟನ್ನೂ ಒಟ್ಟಿಗೆ ಕೊಟ್ಟರು. ಮೂರು ವರ್ಷಗಳಲ್ಲಿ ಪದವಿ ಮುಗಿಸಿದವರು ಶೇ. 40, ಕಾರ್ಯಕ್ರಮ ಸಿಗದವರಲ್ಲಿ ಶೇ. 22. ಓಹಾಯೊದ ಮೂರು ಕಾಲೇಜುಗಳಲ್ಲಿ ಇದನ್ನೇ ಮಾಡಿದಾಗಲೂ ಹತ್ತಿರಹತ್ತಿರ ಎರಡು ಪಟ್ಟು ವ್ಯತ್ಯಾಸ ಕಂಡಿತು. ನನ್ನ ಬಳಿ ಒಂದು ಬಸ್ ಪಾಸ್ ಕೊಡುವ ಅಧಿಕಾರವೂ ಇರಲಿಲ್ಲ.

ತುಂಗಾತೀರ

ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ನಡೆಯುವ ಚರ್ಚೆಯೆಲ್ಲ ಹಾರ್ವರ್ಡ್ ಪ್ರವೇಶದ ಬಗ್ಗೆ. ಸುಪ್ರೀಂ ಕೋರ್ಟಿನ 2023ರ ಜೂನ್ ತೀರ್ಪಿನ ನಂತರ ಜನಾಂಗದ ಆಧಾರದ ಆದ್ಯತೆ ಹೋಯಿತು, ಇನ್ನು ಯೋಗ್ಯತೆಯೊಂದೇ ಅಳತೆ ಎಂದು ಅನೇಕರು ನೆಮ್ಮದಿಯಿಂದ ಇದ್ದಾರೆ. ಅದು ನಿಜವೇ?

ಅಂಕಿಅಂಶ

ಅಲ್ಲ. ಆ ತೀರ್ಪು ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆಯನ್ನು ಮುಟ್ಟಲಿಲ್ಲ. ರಾಜ್ ಚೆಟ್ಟಿ ಅವರ ತಂಡ 2017ರಲ್ಲಿ ತೆರಿಗೆ ದಾಖಲೆಗಳ ಆಧಾರದಿಂದ ತೋರಿಸಿದಂತೆ, 38 ಕಾಲೇಜುಗಳಲ್ಲಿ ಆದಾಯದ ಮೇಲಿನ ಶೇ. 1ರ ಕುಟುಂಬಗಳಿಂದ ಬಂದ ಮಕ್ಕಳು ಕೆಳಗಿನ ಶೇ. 60ರ ಕುಟುಂಬಗಳಿಂದ ಬಂದ ಎಲ್ಲ ಮಕ್ಕಳಿಗಿಂತ ಹೆಚ್ಚಿದ್ದರು. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕ ಸಮನಾಗಿದ್ದರೂ ಹಾರ್ವರ್ಡ್‌ನಂಥ ಹನ್ನೆರಡು ಕಾಲೇಜುಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಗುವಿಗಿಂತ ಆ ಶೇ. 1ರ ಮಗುವಿಗೆ ಎರಡು ಪಟ್ಟಿಗೂ ಹೆಚ್ಚು ಎಂದು 2023ರ ಅಧ್ಯಯನ ಹೇಳಿತು. ನಮ್ಮ ಗುಂಪುಗಳಲ್ಲಿ ಆ ಸೀಟುಗಳ ಬಗ್ಗೆ ಯಾರೂ ಕೋಪಗೊಂಡದ್ದನ್ನು ನಾನು ನೋಡಿಲ್ಲ, ಅದು ನನಗೆ ನೋವಿನ ಸಂಗತಿ.

ಇನ್ನೊಂದನ್ನು ಹೇಳದೆ ಇರಲಾರೆ. ನಾವು ಇಲ್ಲಿ ಹೇಳುತ್ತಿರುವುದೆಲ್ಲ ಯಾರೋ ಲೆಕ್ಕ ಇಟ್ಟಿದ್ದರಿಂದ ತಿಳಿದದ್ದು. 1867ರಲ್ಲಿ ಅಮೆರಿಕ ಮೊದಲ ಬಾರಿಗೆ ಶಿಕ್ಷಣ ಇಲಾಖೆ ತೆರೆದದ್ದೇ ಶಾಲೆಗಳ ಅಂಕಿಅಂಶ ಸಂಗ್ರಹಿಸಲು. 2025ರ ಫೆಬ್ರುವರಿಯಲ್ಲಿ ಫೆಡರಲ್ ಶಿಕ್ಷಣ ಸಂಶೋಧನಾ ಸಂಸ್ಥೆಯ ಹತ್ತಾರು ಗುತ್ತಿಗೆಗಳನ್ನು ಒಮ್ಮೆಲೇ ರದ್ದುಮಾಡಿದರು. ಮಾರ್ಚ್‌ನಲ್ಲಿ ಇಲಾಖೆಯ ಸಿಬ್ಬಂದಿಯನ್ನು ಅರ್ಧಕ್ಕೆ ಇಳಿಸುವ ಘೋಷಣೆ ಬಂತು, ಅಂಕಿಅಂಶ ವಿಭಾಗದಲ್ಲಿ ಬೆರಳೆಣಿಕೆಯಷ್ಟು ಜನ ಉಳಿದರು. ಹಲವು ವರ್ಷ ಅವೇ ಮಕ್ಕಳನ್ನು ಹಿಂಬಾಲಿಸುವ ಸಮೀಕ್ಷೆ ನಡುವೆ ನಿಂತುಹೋದರೆ, ಮುಂದೆ ಎಷ್ಟು ಹಣ ಸುರಿದರೂ ಆ ವರ್ಷಗಳನ್ನು ಮರಳಿ ಅಳೆಯಲು ಆಗುವುದಿಲ್ಲ.

ನಿವೃತ್ತ_ಮೇಷ್ಟ್ರು

ಹಾಜರಿ ಪುಸ್ತಕ ಹರಿದರೆ ಮಗು ಶಾಲೆಗೆ ಬಂದಂತೆ ಆಗುವುದಿಲ್ಲ.

ಮಲ್ಲಿಗೆಬಳ್ಳಿ

ಇಷ್ಟು ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದಗಳು. ನಾವಿಬ್ಬರೂ ಕುಳಿತು ರಾಜ್ಯದ ವರದಿ ತೆರೆದು ನೋಡಿದೆವು. 3 ಅಂಕದ ಶಾಲೆಯಲ್ಲಿ ಮಕ್ಕಳ ವಾರ್ಷಿಕ ಪ್ರಗತಿ 9 ಅಂಕದ ಶಾಲೆಯಷ್ಟೇ ಇದೆ, ಗಣಿತದಲ್ಲಿ ಒಂದು ಕೂದಲೆಳೆ ಮುಂದಿದೆ. ಫೋನ್ ಮಾಡಿದಾಗ ಕಚೇರಿಯಲ್ಲಿದ್ದಾಕೆ ಮೊದಲು ಸ್ಪ್ಯಾನಿಷ್‌ನಲ್ಲಿ, ನಂತರ ಇಂಗ್ಲಿಷ್‌ನಲ್ಲಿ ಮಾತನಾಡಿ, ಯಾವ ದಿನ ಬೇಕಾದರೂ ಬಂದು ತರಗತಿ ನೋಡಬಹುದು ಎಂದರು. ಮುಂದಿನ ತಿಂಗಳು ಹೋಗಿ ನೋಡಿ ಬರುತ್ತೇವೆ. ಹೆಚ್ಚು ಸಂಗೀತ, ಹೆಚ್ಚು ವಿಜ್ಞಾನ ಪ್ರಯೋಗಾಲಯ ಇರುವುದು ಆ 9ರ ಶಾಲೆಯಲ್ಲಿ ಎಂಬುದೂ ನಿಜ, ಆದ್ದರಿಂದ ಮನಸ್ಸು ಇನ್ನೂ ಹೊಯ್ದಾಡುತ್ತಿದೆ.

ಒಂದು ಪ್ರಶ್ನೆ ಉಳಿದಿದೆ. ಅಲ್ಲಿಯೇ ಮನೆ ಮಾಡಿದರೆ, ಶಾಲೆಗೆ ಬರುವ ಹಣ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವಾಗ ನಮ್ಮಂಥವರಿಗೆ ಮಾತನಾಡಲು ಅವಕಾಶವಿದೆಯೇ? ನಾವು ಪೌರರಲ್ಲ.

ಟೆಕ್ಸಾಸ್_ಕನ್ನಡತಿ

ಮತ ಹಾಕಲು ಆಗುವುದಿಲ್ಲ, ಮಾತನಾಡಲು ಆಗುತ್ತದೆ. ಡಿಸ್ಟ್ರಿಕ್ಟ್ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ವಿಷಯಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಬೇಕು, ಪಟ್ಟಿಯಲ್ಲಿರುವ ವಿಷಯದ ಮೇಲೆ ಮಾತನಾಡಲು ಜನರಿಗೆ ಅವಕಾಶ ಕೊಡಬೇಕೆಂದು 2019ರಿಂದ ರಾಜ್ಯದ ಕಾನೂನೇ ಹೇಳುತ್ತದೆ. ಬಜೆಟ್ ಸಭೆ ಸಾಮಾನ್ಯವಾಗಿ ಜೂನ್ ಅಥವಾ ಆಗಸ್ಟ್‌ನಲ್ಲಿ ನಡೆಯುತ್ತದೆ. ಬಾಗಿಲ ಬಳಿ ಇಟ್ಟಿರುವ ಚೀಟಿಯಲ್ಲಿ ಹೆಸರು ಮತ್ತು ವಿಷಯ ಬರೆದುಕೊಡಿ, ಎರಡು ಮೂರು ನಿಮಿಷ ಸಿಗುತ್ತದೆ. ನಾನು ಮೊದಲ ಸಲ ಹೋದಾಗ ಸಭಾಂಗಣದಲ್ಲಿ ಪೋಷಕರೆಂದು ಇದ್ದವರು ಐದೇ ಜನ. ಬರುವ ಮುನ್ನ ನನಗೊಂದು ಸಂದೇಶ ಕಳಿಸಿರಿ, ಜೊತೆಗೆ ಬರುತ್ತೇನೆ.